ತೂಕ ಇಳಿದಾಯ್ತು, ಇನ್ನ ನಿಲ್ಲಿಸೋದು ಹೆಂಗ?

ಕೋಟೆ ಕೆಳಗಿನವರು (ಬಳ್ಳಾರಿ)

ತೂಕ ಇಳಿಸೋದರ ಬಗ್ಗೆ ನಮ್ಮ ಈ ಚರ್ಚಾ ವೇದಿಕೆಯಲ್ಲಿ ಬೇಕಾದಷ್ಟು ಬರೆದಾಗಿದೆ. ಇಳಿದ ಮೇಲೆ ಮುಂದೇನು ಅನ್ನೋದನ್ನ ಯಾರೂ ಎತ್ತಿಲ್ಲ. ಆರು ತಿಂಗಳು ಬಿಗಿ ಪಥ್ಯ ಮಾಡಿ ಹತ್ತು ಹನ್ನೆರಡು ಕಿಲೋ ಇಳಿಸಿದವರು ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಯಲ್ಲಿ ಸಿಗ್ತಾರೆ. ಮೂರು ವರ್ಷ ಕಳೆದು ಅದೇ ತೂಕದಲ್ಲಿ ಇರೋರು ಸಿಗೋದು ಕಷ್ಟ. ಈ ಚರ್ಚೆ ಅದಕ್ಕೇ ಮೀಸಲು.

ಷರತ್ತು ಇಷ್ಟೆ. "ನಾನು ಹಿಂಗೆ ಇಳಿಸಿದೆ" ಅನ್ನೋ ಕಥೆ ಬ್ಯಾಡ. ಗ್ರಾಂ, ಚಮಚ, ನಿಮಿಷದ ಲೆಕ್ಕ ಹೇಳ್ರಿ. ನಮ್ಮ ಮನೆಯಲ್ಲಿ ಬೇಯೋ ಅಡಿಗೆಗೆ ಹೊಂದಬೇಕು. ಓಟ್ಸು, ಕಿನೋವಾ ಹೇಳೋರಿಗೆ ಬೇರೆ ಚರ್ಚೆ ಐತೆ. ಪುಡಿ, ಕಷಾಯ, ಬೆಲ್ಟು ಮಾರೋರಿಗೆ ಇಲ್ಲಿ ಜಾಗ ಇಲ್ಲ.

ಪಥ್ಯದ ಅಕ್ಕ (ರಾಯಚೂರು)

ಹೋದ ತೂಕ ಯಾಕೆ ವಾಪಸ್ ಬರ್ತದ ಅನ್ನೋದರಿಂದ ಶುರು ಮಾಡೋಣ. ಇಲ್ಲದಿದ್ರ ಎಲ್ಲಾರೂ "ನನಗ ಮನಸ್ಸು ಗಟ್ಟಿ ಇಲ್ಲ" ಅಂತ ತಮ್ಮನ್ನ ತಾವೇ ಬೈಕೊಂಡು ಕೂರ್ತಾರ.

ತೂಕ ಇಳಿದಾಗ ಎರಡು ಬದಲಾವಣೆ ಆಗ್ತವೆ. ಒಂದು, ಮೈ ಸಣ್ಣದಾಗಿದ್ದರಿಂದ ದಿನದ ಕ್ಯಾಲೊರಿ ಖರ್ಚು ಕಡಿಮೆ ಆಗುತ್ತೆ. ಇಳಿದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 20ರಿಂದ 30 ಕ್ಯಾಲೊರಿ. ಇನ್ನೊಂದು, ಹಸಿವು ಏರುತ್ತೆ, ಅದೂ ಪ್ರತಿ ಕಿಲೋಗೆ ಸುಮಾರು 100 ಕ್ಯಾಲೊರಿಯಷ್ಟು. ಇದನ್ನ ಲೆಕ್ಕ ಹಾಕಿದ್ದು ಅಮೆರಿಕದ ವಿಜ್ಞಾನಿ ಕೆವಿನ್ ಹಾಲ್ ಮತ್ತು ಅವರ ಜೊತೆಗಾರರು, 2016ರಲ್ಲಿ. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಧುಮೇಹದ ಮಾತ್ರೆ ತಗೊಳ್ಳೋರನ್ನ ಒಂದು ವರ್ಷ ಗಮನಿಸಿದರು. ಆ ಜನರಿಗೆ ದಿನಾ ಇಷ್ಟು ಕ್ಯಾಲೊರಿ ಹೊರಗೆ ಹೋಗ್ತಿದೆ ಅನ್ನೋದೇ ಗೊತ್ತಾಗ್ತಿರಲಿಲ್ಲ, ಹಂಗಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳೋ ಪ್ರಶ್ನೆಯೇ ಇರಲಿಲ್ಲ. ಆದರೂ ತೂಕ ಇಳಿದಷ್ಟೂ ಅವರ ಊಟ ತಾನಾಗಿ ಏರಿತು.

12 ಕಿಲೋ ಇಳಿಸಿದವರ ಲೆಕ್ಕ ನೋಡ್ರಿ. ಖರ್ಚು ಸುಮಾರು 300 ಕ್ಯಾಲೊರಿ ಕಡಿಮೆ, ಅಂದ್ರ ಎರಡು ಜೋಳದ ರೊಟ್ಟಿ. ಹಸಿವು ಮಾತ್ರ 1,200ರಷ್ಟು ಹೆಚ್ಚು ಕೇಳ್ತಾ ಇರುತ್ತೆ. ಮೆಟಬಾಲಿಸಂ (ಮೈ ಕ್ಯಾಲೊರಿ ಸುಡೋ ರೀತಿ) ಕೆಟ್ಟುಹೋಯ್ತು ಅಂತ ಎಲ್ಲರೂ ಹೇಳ್ತಾರ, ಆದರ ದೊಡ್ಡ ಒತ್ತಡ ಬರೋದು ಹಸಿವಿನ ಕಡೆಯಿಂದ. 2011ರಲ್ಲಿ ಮೆಲ್ಬರ್ನ್‌ನಲ್ಲಿ 50 ಜನರ ಮೇಲೆ ನಡೆದ ಅಧ್ಯಯನದಲ್ಲಿ, ತೂಕ ಇಳಿದು ಒಂದು ವರ್ಷ ಆದಮೇಲೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಹಂಗಾಗಿ ಪ್ರತಿ ಊಟದಲ್ಲೂ ಹಸಿವಿನ ಜೊತಿ ಜಗಳ ಆಡೋ ಯೋಜನೆ ನಡೆಯಲ್ಲ. ಹೊಟ್ಟೆ ತುಂಬಬೇಕು, ಆದರ ಕ್ಯಾಲೊರಿ ಸೇರೋ ಸಂದುಗಳನ್ನ ಅಡಿಗೆಮನೆಯಲ್ಲೇ ಮುಚ್ಚಬೇಕು. ನಮ್ಮ ಕಡೆ ಆ ಸಂದುಗಳು ನಾಕೇ: ಎಣ್ಣೆ, ಶೇಂಗಾ, ಅನ್ನ ಬಡಿಸೋ ಕೈ, ಸಕ್ಕರೆ ಹಾಕಿದ ಚಾ.

ಗಿರಣಿ ಲೆಕ್ಕ (ಗಂಗಾವತಿ)

ಅಕ್ಕಾರ, ನಮ್ಮದು ಭತ್ತದ ನಾಡು. ಕಾರಟಗಿ, ಸಿಂಧನೂರು ಕಡೆ ಎರಡೂ ಹೊತ್ತು ಸೋನಾ ಮಸೂರಿ ಅನ್ನ. "ಅನ್ನ ಬಿಟ್ಟು ರೊಟ್ಟಿ ತಿನ್ರಿ, ತೂಕ ಏರಂಗಿಲ್ಲ" ಅಂತ ಎಲ್ಲಾರೂ ಹೇಳ್ತಾರ. ಖರೇ ಏನ್ರಿ?

ಪಥ್ಯದ ಅಕ್ಕ (ರಾಯಚೂರು)

ಅರ್ಧ ಖರೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಪಟ್ಟಿ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, ಬೆಳ್ಳಗೆ ಮಾಡಿದ ಅಕ್ಕಿಯಲ್ಲಿ 356. ಕ್ಯಾಲೊರಿ ಲೆಕ್ಕದಲ್ಲಿ ದೊಡ್ಡ ಅಂತರ ಏನಿಲ್ಲ. ನಾರಿನಲ್ಲಿ ಐತಿ: ಜೋಳದಲ್ಲಿ 10 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಪ್ರೋಟೀನೂ ಜೋಳದಲ್ಲಿ ಎರಡು ಗ್ರಾಂ ಜಾಸ್ತಿ.

ನಿಜವಾದ ಲಾಭ ಬೇರೆ ಕಡೆ ಐತಿ. ರೊಟ್ಟಿಯನ್ನ ಎಣಿಸಬಹುದು, ಅನ್ನ ಎಣಿಸೋಕೆ ಬರಲ್ಲ. ರೊಟ್ಟಿಯನ್ನ ಅಗಿಬೇಕು, ಸಾರು ಕಲಸಿದ ಅನ್ನ ಹಂಗೇ ಇಳಿದುಹೋಗ್ತದ. ಅನ್ನ ಬಿಡಬೇಕಿಲ್ಲ, ಅಳತೆ ಬೇಕು. 100 ಗ್ರಾಂ ಅಕ್ಕಿ ಬೆಂದಮೇಲೆ 280ರಿಂದ 300 ಗ್ರಾಂ ಆಗುತ್ತೆ. ನಿಮ್ಮ ಮನೆಯ ಅನ್ನದ ಸೌಟು ತುಂಬಿ ಅಡಿಗೆ ತಕ್ಕಡಿ ಮೇಲೆ ಒಮ್ಮೆ ತೂಗ್ರಿ. ಒಂದೊಂದು ಮನೆಯ ಸೌಟು ಒಂದೊಂದು ಥರ, ಕೆಲವು 60 ಗ್ರಾಂ, ಕೆಲವು 110. ಒಮ್ಮೆ ಗೊತ್ತಾದ್ರ ಮುಂದೆ ತಕ್ಕಡಿ ಬೇಕಿಲ್ಲ. 200 ಗ್ರಾಂ ಬೆಂದ ಅನ್ನ ಸುಮಾರು 250 ಕ್ಯಾಲೊರಿ, ರೊಟ್ಟಿ ಲೆಕ್ಕದಲ್ಲಿ ಒಂದೂವರೆ.

ಇನ್ನೊಂದು ಮಾತು. ರೊಟ್ಟಿ ಉಂಡು ಆಮೇಲೆ "ಸ್ವಲ್ಪ ಅನ್ನ" ಅನ್ನೋ ಪದ್ಧತಿ ನಮ್ಮಲ್ಲಿ ಐತಲ್ಲ, ತೂಕ ವಾಪಸ್ ಬರೋ ಮುಖ್ಯ ದಾರಿ ಅದು. ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ಅನ್ನ ಅಂತ ಬೇರ್ಪಡಿಸಿದ್ರ ಸಾಕು, ಏನೂ ಬಿಟ್ಟಂಗ ಆಗಂಗಿಲ್ಲ.

ಖಡಕ್ ರೊಟ್ಟಿ (ಕೊಪ್ಪಳ)

ರೊಟ್ಟಿ ಅಳತಿ ನಾ ಹೇಳ್ತೀನಿ. ಜೋಳದ ಹಿಟ್ಟು, ನೀರು ತೂಕದಾಗ ಹೆಚ್ಚುಕಡಿಮಿ ಸಮ ಹೋಗ್ತಾವು. ನಾದಿದ ಮ್ಯಾಲ ಒಂದು ಉಂಡಿ 90 ಗ್ರಾಂ ಇದ್ರ ಅದರಾಗ 45 ಗ್ರಾಂ ಹಿಟ್ಟು, 150 ಕ್ಯಾಲೊರಿ. ಬಡಿಯುವಾಗ ಹಾಕೋ ಒಣಹಿಟ್ಟು ಕೈಯಿಂದ ಕೈಗೆ ಬ್ಯಾರೆ, 5 ಗ್ರಾಂ ಅಂತ ಹಿಡೀರಿ. ಮೊದಲ ಮೂರು ದಿನ ಉಂಡಿ ತೂಗಿ ಬಡಿದ್ರ ಕೈಗೆ ಅಂದಾಜು ಕೂಡ್ತದ.

ಖಡಕ್ ರೊಟ್ಟಿಯಾಗ ಮಂದಿ ಮೋಸ ಹೋಗ್ತಾರ. "ಹಗುರ ಐತಿ, ನಾಕು ತಿಂದ್ರೂ ಏನಾಗಂಗಿಲ್ಲ" ಅಂತಾರ. ಹಗುರ ಆಗಿದ್ದು ನೀರು ಹೋಗಿದ್ದಕ್ಕ, ಹಿಟ್ಟು ಎಲ್ಲೂ ಹೋಗಿಲ್ಲ. ಉಂಡಿ ಸಣ್ಣದು ಮಾಡಿ ತೆಳ್ಳಗ ಬಡಿದಿದ್ರ ಮಾತ್ರ ಕಡಿಮಿ. ಅಂಗಡ್ಯಾಗ ತರೋ ಖಡಕ್ ರೊಟ್ಟಿ ಐದು ಒಟ್ಟಿಗೆ ತೂಗಿ ಐದರಿಂದ ಭಾಗಿಸ್ರಿ. ಒಂದಕ್ಕ 30 ಗ್ರಾಂ ಬಂದ್ರ ಅದು 100 ಕ್ಯಾಲೊರಿ, ನಾಕು ತಿಂದ್ರ 400. ಅದೂ ಊಟದ ನಡುವೆ ಟಿ.ವಿ. ಮುಂದ ಹಿಂಡಿ (ಚಟ್ನಿಪುಡಿ) ಹಚ್ಚಿಕೊಂಡು ತಿನ್ನೋದು ಯಾವ ಲೆಕ್ಕದಾಗೂ ಬರಂಗಿಲ್ಲ.

ಪಥ್ಯದ ಅಕ್ಕ (ರಾಯಚೂರು)

ಹಿಂಡಿ ವಿಷಯ ಬಂದಿದ್ದು ಛಲೋ ಆತು. ಶೇಂಗಾ 100 ಗ್ರಾಂಗೆ ಸುಮಾರು 550 ಕ್ಯಾಲೊರಿ. ಗುಡ್ಡದಂಗ ತುಂಬಿದ ಒಂದು ದೊಡ್ಡ ಚಮಚ ಹಿಂಡಿ 15 ಗ್ರಾಂ, 80 ಕ್ಯಾಲೊರಿ. ಅದರ ಮ್ಯಾಲೆ ಒಂದು ದೊಡ್ಡ ಚಮಚ ಎಣ್ಣಿ ಬಿಟ್ಟುಕೊಂಡ್ರ ಇನ್ನ 120. ಒಂದು ರೊಟ್ಟಿಗಿಂತ ಅದಕ್ಕೆ ಹಚ್ಚಿದ್ದೇ ಹೆಚ್ಚಾಯ್ತು. ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಆರೋಗ್ಯಕ್ಕ ಒಳ್ಳೇದು ಅಂತ ಚಮಚ ಏರಿಸಬ್ಯಾಡ್ರಿ, ಅವೂ ಎಣ್ಣಿಕಾಳೇ.

ಎರಡು ಬದಲಾವಣೆ ಮಾಡಿದ್ರ ರುಚಿ ಹೋಗಂಗಿಲ್ಲ. ಎಣ್ಣೆ ಬದಲು ಗಟ್ಟಿ ಮೊಸರಿನಲ್ಲಿ ಹಿಂಡಿ ಕಲಸ್ರಿ. ಹಿಂಡಿ ಕುಟ್ಟುವಾಗ ಅರ್ಧ ಶೇಂಗಾ, ಅರ್ಧ ಪುಠಾಣಿ (ಹುರಿಗಡಲೆ) ಹಾಕ್ರಿ. ಪುಠಾಣಿ ಹಾಕಿದ್ದು ಬೇಗ ಮೆತ್ತಗಾಗುತ್ತೆ, ಅದಕ್ಕ 200 ಗ್ರಾಂಗಿಂತ ಹೆಚ್ಚು ಒಮ್ಮೆಗೆ ಮಾಡಬ್ಯಾಡ್ರಿ. ಡಬ್ಬಿಯೊಳಗೆ ದೊಡ್ಡ ಚಮಚ ತೆಗೆದು ಚಾ ಚಮಚ ಇಡ್ರಿ. ಇದು ಸಣ್ಣ ವಿಷಯ ಅನ್ನಿಸ್ತದ, ಮನೆಮಂದಿಗೆಲ್ಲ ತಾನಾಗಿ ಅನ್ವಯ ಆಗ್ತದ.

ಮತ್ತ ತಟ್ಟೆಯಲ್ಲಿ ಹಸಿ ತಪ್ಪಲ ವಾಪಸ್ ತರ್ರಿ. ಹಕ್ಕರಕಿ, ಎಳೆ ಮೆಂತ್ಯ, ಉಳ್ಳಾಗಡ್ಡಿ ತಪ್ಪಲ, ಸೌತಿಕಾಯಿ, ಮೂಲಂಗಿ, ಎಲ್ಲ ಸೇರಿ 150 ಗ್ರಾಂ ತಿಂದರೂ 40 ಕ್ಯಾಲೊರಿ ದಾಟಲ್ಲ. ರೊಟ್ಟಿ ಮುರಿಯೋ ಮೊದಲೇ ಅರ್ಧ ತಿಂದ್ರ ಮೂರನೇ ರೊಟ್ಟಿ ಕೈ ಹಿಡಿಯಂಗಿಲ್ಲ.

ಹೊಲಿಗೆ ಮಷಿನ್ (ಬಳ್ಳಾರಿ)

ಒಬ್ರಿಗೆ ಬೇರೆ ಅಡಿಗೆ ಮಾಡೋಕಾಗಲ್ಲ. ನಾಕು ಮಂದಿ ಮನೆ, ಒಂದೇ ಒಗ್ಗರಣೆ. ಎಣ್ಣೆ ಲೆಕ್ಕ ದಿನಾ ಅಳಿಯೋದು ನಡಿಯೋ ಮಾತಲ್ಲ. ಏನ್ಮಾಡ್ಬೇಕು?

ಕೋಟೆ ಕೆಳಗಿನವರು (ಬಳ್ಳಾರಿ)

ದಿನಾ ಅಳೀಬ್ಯಾಡ್ರಿ, ಪ್ಯಾಕೆಟ್ ಎಷ್ಟು ದಿನ ಬಂತು ಅನ್ನೋದನ್ನ ಮಾತ್ರ ನೋಡ್ರಿ. ಪೌಷ್ಟಿಕಾಂಶ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನಕ್ಕೆ ಎಣ್ಣೆ, ತುಪ್ಪ ಸೇರಿ 27 ಗ್ರಾಂ. ತೂಕ ಕಾಯೋರ ಮನೆಯಲ್ಲಿ ತಲೆಗೆ 20 ಗ್ರಾಂ ಇಟ್ಟುಕೊಂಡರೆ ಅಡಿಗೆ ಸಪ್ಪೆ ಆಗಲ್ಲ. ಒಂದು ಲೀಟರ್ ಎಣ್ಣೆ ಅಂದ್ರೆ ಸುಮಾರು 910 ಗ್ರಾಂ. ನಾಕು ಮಂದಿಗೆ ದಿನಕ್ಕೆ 80 ಗ್ರಾಂ, ಪ್ಯಾಕೆಟ್ ಹನ್ನೊಂದು ದಿನ ಬರಬೇಕು. ಕತ್ತರಿಸಿದ ತಾರೀಖು ಪ್ಯಾಕೆಟ್ ಮೇಲೇ ಪೆನ್ನಲ್ಲಿ ಬರೀರಿ. ಏಳು ದಿನಕ್ಕೆ ಖಾಲಿ ಆದ್ರೆ ತಲೆಗೆ 32 ಗ್ರಾಂ ಹೋಗಿದೆ ಅಂತ ಅರ್ಥ. ಕೊಳ್ಳೋವಾಗ ಗ್ರಾಂ ಓದ್ರಿ, ಈಗ ಲೀಟರಿಗಿಂತ ಕಮ್ಮಿ ಇರೋ ಪ್ಯಾಕೆಟ್ಟೂ ಬರ್ತವೆ. ಕರಿದ ಎಣ್ಣೆ ಉಳಿದರೆ ಅದನ್ನ ಅಳೆದು ಲೆಕ್ಕದಿಂದ ಕಳೀರಿ.

ಡಬ್ಬಿಯಿಂದ ನೇರ ಸುರಿಯೋದು ನಿಲ್ಲಿಸಿ. ಒಗ್ಗರಣೆಗೆ ನಾಕು ಮಂದಿಯ ಪಲ್ಯಕ್ಕೆ ನಾಕು ಚಾ ಚಮಚ, ಅಂದ್ರೆ 20 ಮಿಲಿ, ಸಾಕಾಗುತ್ತೆ. ಸಾರಿಗೆ ಎರಡು.

ಎಣ್ಣೆಗಾಯಿ ಬಗ್ಗೆ ಬೇರೆ ಹೇಳ್ಬೇಕು. ಕಿಲೋ ಬದನೆಕಾಯಿಗೆ 150 ಮಿಲಿ ಸುರಿಯೋ ಮನೆಗಳಿವೆ. ಬದನೆ ಎಷ್ಟು ಕೊಟ್ಟರೂ ಹೀರುತ್ತೆ. ಸೀಳಿದ ಕಾಯಿಗೆ ಉಪ್ಪು ಹಚ್ಚಿ ಮೊದಲು ಅರ್ಧ ಲೋಟ ನೀರಲ್ಲಿ ಮುಚ್ಚಿ ಎಂಟು ನಿಮಿಷ ಬೇಯಿಸಿ. ಆಮೇಲೆ ಎಂಟು ಚಾ ಚಮಚ ಎಣ್ಣೆಯಲ್ಲಿ ಒಗ್ಗರಣೆ ಮಾಡಿ ಮಸಾಲೆ ಸೇರಿಸಿ. ಶೇಂಗಾ ಪುಡಿಯನ್ನ ಮೊದಲೇ ಹಾಕಿದರೆ ಎಣ್ಣೆ ಕಮ್ಮಿ ಇರೋದ್ರಿಂದ ತಳ ಹಿಡಿಯುತ್ತೆ, ಕೊನೆ ಐದು ನಿಮಿಷಕ್ಕೆ ಹಾಕಿ. ಶೇಂಗಾದ ಎಣ್ಣೆಯೇ ಬಿಟ್ಟುಕೊಂಡು ಮೇಲೆ ತೇಲುತ್ತೆ, ತಿನ್ನೋರಿಗೆ ಫರಕು ಗೊತ್ತಾಗಲ್ಲ.

ದಿವ್ಯ ಕಾಯ

[ಈ ಸಂದೇಶ ತೆಗೆಯಲಾಗಿದೆ: ತೂಕ ಇಳಿಸೋ ಪುಡಿಯ ಮಾರಾಟ]

ಖಡಕ್ ರೊಟ್ಟಿ (ಕೊಪ್ಪಳ)

ಬಂದ್ರಪ್ಪ! ಇಂಥ ಪುಡಿಯೊಳಗ ಸೋನಾಮುಖಿ ಇರೋದು ಜಾಸ್ತಿ. ಭೇದಿ ಆಗಿ ನೀರು ಹೋಗ್ತದ, ತಕ್ಕಡಿ ಎರಡು ಕಿಲೋ ಕಡಿಮಿ ತೋರಸ್ತದ, ಎರಡು ದಿನಕ್ಕ ವಾಪಸ್. ಕೊಬ್ಬು ಇದ್ದಲ್ಲೇ ಇರ್ತದ.

ಮಾನ್ವಿ ಮೇಷ್ಟ್ರು

ತಕ್ಕಡಿ ವಿಷಯಕ್ಕೆ ಬರುತ್ತೇನೆ, ಯಾಕಂದ್ರೆ ತೂಕ ನಿಲ್ಲಿಸುವ ಕೆಲಸದಲ್ಲಿ ಅರ್ಧ ತಪ್ಪು ಅಲ್ಲೇ ಆಗೋದು.

ಅಮೆರಿಕದಲ್ಲಿ 1994ರಲ್ಲಿ ಒಂದು ನೋಂದಣಿ ಶುರುವಾಯಿತು. ಕನಿಷ್ಠ 13.6 ಕಿಲೋ ಇಳಿಸಿ ಒಂದು ವರ್ಷಕ್ಕಿಂತ ಹೆಚ್ಚು ಉಳಿಸಿಕೊಂಡವರು ಅದರಲ್ಲಿ ಹೆಸರು ಬರೆಸಿದರು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಿದ್ದರು, ಹತ್ತರಲ್ಲಿ ಒಂಬತ್ತು ಮಂದಿ ದಿನಕ್ಕೆ ಸರಾಸರಿ ಒಂದು ಗಂಟೆ ಮೈ ಆಡಿಸುತ್ತಿದ್ದರು. ಗೆದ್ದವರು ತಾವಾಗಿ ಬಂದು ಬರೆಸಿದ ಲೆಕ್ಕ ಅದು, ಸೋತವರು ಏನು ಮಾಡುತ್ತಿದ್ದರು ಅನ್ನೋದು ಅದರಲ್ಲಿ ಕಾಣಲ್ಲ. ಹಾಗಿದ್ದರೂ ತೂಕ ನೋಡಿಕೊಳ್ಳುವ ಅಭ್ಯಾಸಕ್ಕೆ ಖರ್ಚಿಲ್ಲ, ಮಾಡುವುದರಲ್ಲಿ ನಷ್ಟ ಇಲ್ಲ.

ಹೇಗೆ ನೋಡಬೇಕು: ಬೆಳಿಗ್ಗೆ ಶೌಚ ಮುಗಿಸಿ, ಚಹಾಕ್ಕೆ ಮೊದಲು, ಹೆಚ್ಚುಕಡಿಮೆ ಅದೇ ಬಟ್ಟೆಯಲ್ಲಿ. ನಮ್ಮ ಮನೆಗಳ ಶಹಾಬಾದ್ ಕಲ್ಲಿನ ನೆಲ ಸಮ ಇರಲ್ಲ. ತಕ್ಕಡಿಯ ನಾಲ್ಕೂ ಕಾಲು ಒಂದೇ ಬಂಡೆಯ ಮೇಲೆ ಕೂರಬೇಕು, ಸಂದಿನ ಮೇಲೆ ಇಟ್ಟರೆ ಅರ್ಧ ಕಿಲೋ ಆಚೀಚೆ ಆಗುತ್ತೆ. ಜಾಗ ಗುರುತು ಮಾಡಿ ಅಲ್ಲೇ ಇಡಿ. ತಕ್ಕಡಿ ಸರಿ ಇದೆಯೇ ಅಂತ ನೋಡಲು ಖಾಲಿ ನೀರಿನ ಕ್ಯಾನ್ ಕೈಯಲ್ಲಿ ಹಿಡಿದು ಒಮ್ಮೆ, 20 ಲೀಟರ್ ತುಂಬಿಸಿ ಒಮ್ಮೆ ನಿಲ್ಲಿ; ಅಂತರ 20 ಕಿಲೋ ಬರಬೇಕು. ಹಲವು ಡಿಜಿಟಲ್ ತಕ್ಕಡಿಗಳು ಹಿಂದಿನ ಅಂಕಿಯನ್ನ ನೆನಪಿಟ್ಟುಕೊಂಡು, ಸಣ್ಣ ಅಂತರ ಇದ್ದರೆ ಅದನ್ನೇ ಮತ್ತೆ ತೋರಿಸುತ್ತವೆ. ಅನುಮಾನ ಬಂದರೆ ನಡುವೆ ಬೇರೆ ಭಾರ ಇಟ್ಟು ಆಮೇಲೆ ನಿಲ್ಲಿ.

ಒಂದು ದಿನದ ಅಂಕಿಗೆ ಬೆಲೆ ಇಲ್ಲ. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ, ಆ ಸರಾಸರಿಯನ್ನು ಮಾತ್ರ ಕ್ಯಾಲೆಂಡರಿನಲ್ಲಿ ಬರೆಯಿರಿ. ಹಬ್ಬದ ಮರುದಿನ ಒಂದೂವರೆ ಕಿಲೋ ಏರಿದ್ದರೆ ಅದು ಕೊಬ್ಬಲ್ಲ. ಒಂದು ಕಿಲೋ ಕೊಬ್ಬು ಸೇರಲು ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು, ಒಂದು ಹಬ್ಬದಲ್ಲಿ ಅದು ಆಗದ ಮಾತು. ಏರಿದ್ದು ಉಪ್ಪಿನ ನೀರು, ಮತ್ತು ಮೈಯಲ್ಲಿ ಶೇಖರವಾಗುವ ಪಿಷ್ಟ ತನ್ನ ತೂಕದ ಮೂರು ಪಟ್ಟು ಹಿಡಿದಿಡುವ ನೀರು. ಹೆಣ್ಣುಮಕ್ಕಳಿಗೆ ಮುಟ್ಟಿಗೆ ಮುಂಚಿನ ವಾರದಲ್ಲೂ ಹೀಗೇ ಏರುತ್ತೆ; ಅವರು ಹೋದ ವಾರದ ಜೊತೆ ಹೋಲಿಸದೆ ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಬೇಕು. ನಮ್ಮ ಮೇ ತಿಂಗಳಲ್ಲಿ ಉಲ್ಟಾ: ಬೆವರಿ ತಕ್ಕಡಿ ಕಡಿಮೆ ತೋರಿಸುತ್ತೆ, ಜನ ಖುಷಿಯಲ್ಲಿ ಊಟ ಏರಿಸುತ್ತಾರೆ, ಜೂನಿನಲ್ಲಿ ಗಾಬರಿ.

ಗಿರಣಿ ಲೆಕ್ಕ (ಗಂಗಾವತಿ)

ಪಥ್ಯ ಮುಗಿದ ಮರುದಿನ ಎಷ್ಟು ಉಣ್ಣಬೇಕು ಅನ್ನೋದು ಯಾರೂ ಹೇಳಲಿಲ್ಲ ಮೇಷ್ಟ್ರೇ.

ಮಾನ್ವಿ ಮೇಷ್ಟ್ರು

ಪಥ್ಯದ ಊಟಕ್ಕೆ ಒಂದೇ ಒಂದು ರೊಟ್ಟಿ ಸೇರಿಸಿ. ಎರಡು ವಾರ ಹಾಗೇ ಇರಿ. ಮೊದಲ ವಾರ ಅರ್ಧದಿಂದ ಒಂದು ಕಿಲೋ ಏರಬಹುದು, ಅದು ನೀರು, ಹೆದರಬೇಡಿ. ಎರಡನೇ ವಾರದ ಸರಾಸರಿ ಮತ್ತೆ ಇಳಿಯುತ್ತಿದ್ದರೆ ಇನ್ನೊಂದು ರೊಟ್ಟಿ ಅಥವಾ ಅಷ್ಟೇ ಕ್ಯಾಲೊರಿಯ ಅನ್ನ, ಬೇಳೆ. ಹೀಗೆ ಸರಾಸರಿ ನಿಂತಲ್ಲಿಗೆ ನಿಲ್ಲಿಸಿ. ಸಾಮಾನ್ಯವಾಗಿ ಮೂರು ಸುತ್ತಿನಲ್ಲಿ ಗೊತ್ತಾಗುತ್ತೆ. ಹಳೆಯ ಊಟಕ್ಕೆ ಒಂದೇ ದಿನ ಮರಳಿದವರಿಗೆ ಯಾವ ಊಟದಲ್ಲಿ ತೂಕ ನಿಲ್ಲುತ್ತೆ ಅನ್ನೋದು ಎಂದೂ ಗೊತ್ತಾಗಲ್ಲ.

ಸಂಜೆ ಮಿರ್ಚಿ (ಬಳ್ಳಾರಿ)

ಒಗ್ಗರಣೆ ಮಿರ್ಚಿ ಬಿಟ್ಟು ಬದುಕೋಕಾಗುತ್ತಾ ಸ್ವಾಮಿ? ಅದನ್ನ ಹೇಳಿ ಮೊದಲು.

ಪಥ್ಯದ ಅಕ್ಕ (ರಾಯಚೂರು)

ಬಿಡಬ್ಯಾಡ್ರಿ. ಬಿಟ್ಟೇನಿ ಅಂದವರೇ ಒಂದು ದಿನ ಆರು ತಿಂತಾರ. ದೊಡ್ಡ ಮಿರ್ಚಿ ಒಂದಕ್ಕೆ ಕಡ್ಲಿಹಿಟ್ಟು 20 ಗ್ರಾಂ, ಹೀರಿದ ಎಣ್ಣೆ ಏಳೆಂಟು ಗ್ರಾಂ, ಅಂದಾಜು 140 ಕ್ಯಾಲೊರಿ. ಮಂಡಾಳ (ಮಂಡಕ್ಕಿ) ಒಗ್ಗರಣೆ ಒಂದು ಪ್ಲೇಟು 250ರ ಹತ್ತಿರ, ಯಾಕಂದ್ರ ಮಂಡಾಳ ಹಗುರ ಇದ್ರೂ ಎಣ್ಣಿ, ಶೇಂಗಾ, ಪುಠಾಣಿ ಹಗುರ ಅಲ್ಲ. ಮೂರು ಮಿರ್ಚಿ ಜೊತಿ ತಿಂದ್ರ 670. ಇದು ತಿಂಡಿ ಅಲ್ಲ, ಒಂದು ಪೂರ್ತಿ ಊಟ. ಊಟ ಅಂತ ಒಪ್ಪಿಕೊಂಡ್ರ ಸಮಸ್ಯೆ ಮುಗೀತು: ವಾರದಲ್ಲಿ ಒಂದು ದಿನ ಗೊತ್ತುಮಾಡಿ, ಆವತ್ತು ರಾತ್ರಿ ಊಟದ ಜಾಗದಲ್ಲಿ ಅದೇ, ಮ್ಯಾಲೆ ಒಂದು ಲೋಟ ಮಜ್ಜಿಗಿ. ಸಂಜೆ ಆರಕ್ಕೆ ಅದನ್ನ ತಿಂದು ಒಂಬತ್ತಕ್ಕೆ ಮತ್ತೆ ಊಟಕ್ಕೆ ಕೂತಾಗ ತೂಕ ಏರೋದು.

ಮನೆಯಲ್ಲಿ ಮಾಡಿದ್ರ: ಹಿಟ್ಟು ತೆಳ್ಳಗಾದ್ರೂ, ಸೋಡಾ ಹೆಚ್ಚಾದ್ರೂ, ಎಣ್ಣೆ ಸರಿಯಾಗಿ ಕಾಯದಿದ್ರೂ ಬಜ್ಜಿ ಎಣ್ಣೆ ಕುಡೀತದ. ಹಿಟ್ಟಿನ ಹನಿ ಬಿಟ್ಟ ಕೂಡಲೇ ಮೇಲೆ ಬಂದ್ರ ಮಿರ್ಚಿ ಬಿಡ್ರಿ, ಒಮ್ಮೆಗೆ ನಾಕಕ್ಕಿಂತ ಹೆಚ್ಚು ಬಿಟ್ರ ಎಣ್ಣೆ ತಣ್ಣಗಾಗ್ತದ.

ಚಾ ಬಗ್ಗೆ ಒಂದೇ ಮಾತು: ನಾಕು ಕಪ್ಪು, ಕಪ್ಪಿಗೆ ಎರಡು ಚಮಚ ಸಕ್ಕರೆ, ಬರೇ ಸಕ್ಕರೆಯಿಂದ 160 ಕ್ಯಾಲೊರಿ. ಬೆಲ್ಲ ಹಾಕಿದ್ರೂ ಅಷ್ಟೇ.

ಹೊಲಿಗೆ ಮಷಿನ್ (ಬಳ್ಳಾರಿ)

ಜೀನ್ಸ್ ಹೊಲಿಯೋ ಮಂದಿ ಹತ್ತು ತಾಸು ಕೂತಲ್ಲೇ ಕೂತಿರ್ತಾರೆ. ವಾಕಿಂಗ್ ಹೋಗೋಣ ಅಂದ್ರೆ ಮಾರ್ಚಿಂದ ಬಿಸಿಲು ಬಿಡಲ್ಲ. ಎಷ್ಟು ನಡೀಬೇಕು, ಯಾವಾಗ?

ಶಿಫ್ಟ್ ಬಸ್ (ತೋರಣಗಲ್ಲು)

ಅಮೆರಿಕದ ಕ್ರೀಡಾ ವೈದ್ಯರ ಸಂಘ 2009ರಲ್ಲಿ ಹೇಳಿದ್ದು, ಇಳಿದ ತೂಕ ನಿಲ್ಲಬೇಕಾದರೆ ವಾರಕ್ಕೆ 250 ನಿಮಿಷಕ್ಕಿಂತ ಹೆಚ್ಚು ಬೇಕು ಅಂತ. ದಿನಕ್ಕೆ 36 ನಿಮಿಷ ಆದರೂ. ಒಂದೇ ಸಲ ಆಗಬೇಕು ಅಂತ ಇಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಯಿಂದ 20 ನಿಮಿಷ, ರಾತ್ರಿ ಊಟ ಆದಮೇಲೆ 20 ನಿಮಿಷ. ಊಟದ ನಂತರದ ನಡಿಗೆ ರಕ್ತದ ಸಕ್ಕರೆ ಏರೋದನ್ನೂ ತಗ್ಗಿಸುತ್ತೆ. ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಬೇಡವೇ ಬೇಡ. ವೇಗ ಎಷ್ಟಿರಬೇಕು ಅಂದ್ರೆ ಮಾತಾಡೋಕೆ ಬರಬೇಕು, ಹಾಡೋಕೆ ಉಸಿರು ಸಾಲಬಾರದು. 1,000 ಹೆಜ್ಜೆಗೆ ಹತ್ತು ನಿಮಿಷ, ಸುಮಾರು 35 ಕ್ಯಾಲೊರಿ. ನಡಿಗೆಯಿಂದ ಮಿರ್ಚಿ ಕರಗಿಸ್ತೀನಿ ಅನ್ನೋರು ಒಂದು ಮಿರ್ಚಿಗೆ 4,000 ಹೆಜ್ಜೆ ಹಾಕಬೇಕು. ಅದಕ್ಕೇ ಮೊದಲು ಅಡಿಗೆಮನೆ, ಆಮೇಲೆ ರಸ್ತೆ.

ಮಷಿನ್ ಮೇಲೆ ಕೂರೋರು ತಾಸಿಗೊಮ್ಮೆ ಎದ್ದು, ಬಂಡಲು ತಾವೇ ಎತ್ತಿ ತರೋದು, ಬಾಟಲಿ ಬದಲು ಲೋಟದಲ್ಲಿ ನೀರು ಕುಡಿಯೋದು (ಪದೇ ಪದೇ ಏಳಬೇಕಾಗುತ್ತೆ), ಇಷ್ಟು ಮಾಡಿದರೂ ದಿನಕ್ಕೆ ಸಾವಿರದೈನೂರು ಹೆಜ್ಜೆ ಸೇರುತ್ತೆ.

ರಾತ್ರಿ ಪಾಳಿಯವರಿಗೆ ಬೇರೆ ಲೆಕ್ಕ. ಹತ್ತರಿಂದ ಆರರ ಪಾಳಿ ಇದ್ದರೆ ದೊಡ್ಡ ಊಟ ರಾತ್ರಿ ಎಂಟೂವರೆಗೆ ಮನೆಯಲ್ಲಿ ಮುಗಿಸಿ. ಒಂದು ಗಂಟೆಗೆ ಎರಡು ಬೇಯಿಸಿದ ಮೊಟ್ಟೆ, ಇಲ್ಲವೇ ಮೊಳಕೆ ಕಾಳು ಒಂದು ಬಟ್ಟಲು. ಚಹಾ ಹನ್ನೆರಡೂವರೆಗೆ ಕೊನೆ. ಆಮೇಲೆ ಕುಡಿದದ್ದು ಬೆಳಿಗ್ಗೆಯ ನಿದ್ದೆ ಕೆಡಿಸುತ್ತೆ, ನಿದ್ದೆ ಕೆಟ್ಟ ದಿನ ಹಸಿವು ಜಾಸ್ತಿ. ನಾಲ್ಕು ಗಂಟೆಗೆ ಬರುವ ಹಸಿವು ಹೆಚ್ಚಿನ ಸಲ ನಿದ್ದೆಯದು. ನೀರು ಕುಡಿದು ಹತ್ತು ನಿಮಿಷ ನಡೆದು ನೋಡಿ. ಆರೂವರೆಗೆ ಒಂದು ರೊಟ್ಟಿ, ಪಲ್ಯ, ಆಮೇಲೆ ಕಿಟಕಿಗೆ ದಪ್ಪ ಪರದೆ ಹಾಕಿ ಮಲಗಿ. ಪಾಳಿ ಬದಲಾಗುವ ವಾರ ತೂಕದ ಅಂಕಿ ನಂಬಬೇಡಿ, ರಜೆಯ ದಿನ ರಾತ್ರಿ ನಿದ್ದೆ ಮಾಡಿ ಎದ್ದಾಗ ನೋಡಿ.

ಪಥ್ಯದ ಅಕ್ಕ (ರಾಯಚೂರು)

ಇದಕ್ಕೆ ಸೇರಿಸೋದು: ತೂಕದ ಜೊತಿ ಸ್ನಾಯುನೂ ಇಳಿದಿರ್ತದ, ಐವತ್ತು ದಾಟಿದವರಲ್ಲಿ ಹೆಚ್ಚು. ತೂಕ ವಾಪಸ್ ಬಂದ್ರ ಬರೋದು ಹೆಚ್ಚಾಗಿ ಕೊಬ್ಬು. ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು 12 ಸಲ, ಮೂರು ಸುತ್ತು. ಗೋಡೆಗೆ ಕೈಯಿಟ್ಟು ದಂಡ 12 ಸಲ, ಮೂರು ಸುತ್ತು. ಹಗುರ ಅನ್ನಿಸಿದಾಗ ಗೋಡೆಯಿಂದ ಕಟ್ಟೆಗೆ, ಕಟ್ಟೆಯಿಂದ ನೆಲಕ್ಕೆ ಇಳೀರಿ.

ಪ್ರೋಟೀನು ಕಿಲೋಗೆ 1.2 ಗ್ರಾಂ ಗುರಿ ಇಟ್ಟುಕೊಳ್ರಿ. 60 ಕಿಲೋದವರಿಗೆ 72. ನಾಕು ರೊಟ್ಟಿಯಿಂದ 18, ಅರವತ್ತು ಗ್ರಾಂ ಒಣ ಬ್ಯಾಳಿಯಿಂದ 13, ಮೊಳಕೆ ಬರಿಸಿದ ಹೆಸರು ಅಥವಾ ಮಡಕಿ (ಒಣ ತೂಕ 50) ಸುಮಾರು 11, ಮೊಸರು 300 ಗ್ರಾಂನಿಂದ 10, ಎರಡು ಮೊಟ್ಟೆಯಿಂದ 12, ಶೇಂಗಾ 25 ಗ್ರಾಂನಿಂದ 6. ಮೊಟ್ಟೆ ತಿನ್ನದವರು 25 ಗ್ರಾಂ ಸೋಯಾ ಉಂಡೆ ಹಾಕ್ರಿ. ಝುಣಕಾ (ಕಡ್ಲಿಹಿಟ್ಟಿನ ಪಲ್ಯ) ವಾರಕ್ಕೆರಡು ಸಲ ಮಾಡ್ರಿ. ಬ್ಯಾಳಿ ಕಟ್ಟು ತೆಳ್ಳಗ ಮಾಡಿ "ದಿನಾ ಬ್ಯಾಳಿ ಉಣ್ತೀವಿ" ಅಂದ್ರ ಲೆಕ್ಕಕ್ಕ ಬರಂಗಿಲ್ಲ. ಕಿಡ್ನಿ ತೊಂದರೆ ಇದ್ದವರು ಇದನ್ನ ಡಾಕ್ಟರನ್ನ ಕೇಳದೆ ಮಾಡಬಾರದು.

ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಅಥವಾ ಇನ್ಸುಲಿನ್ ತಗೊಳ್ಳೋರು ತೂಕ ಇಳಿದ ಮೇಲೂ ಹಳೇ ಪ್ರಮಾಣದಲ್ಲೇ ಇದ್ರ, ಊಟ ತಪ್ಪಿದ ದಿನ ಸಕ್ಕರೆ ಕುಸಿದು ಬೀಳ್ತಾರ. ಬಿ.ಪಿ. ಮಾತ್ರೆಯೂ ಹಂಗೇ, ಎದ್ದಾಗ ಕಣ್ಣು ಕತ್ತಲೆ ಬಂದ್ರ ತೋರಿಸ್ರಿ. ಪ್ರಯತ್ನ ಇಲ್ಲದೆ ತೂಕ ಇಳೀತಿದ್ರ ಅದು ಈ ಚರ್ಚೆಯ ವಿಷಯ ಅಲ್ಲ, ಆಸ್ಪತ್ರೆಯ ವಿಷಯ.

ಸಂಜೆ ಮಿರ್ಚಿ (ಬಳ್ಳಾರಿ)

ಈಗ ಇಂಜೆಕ್ಷನ್ ಬಂದೈತಲ್ಲ, ವಾರಕ್ಕೊಂದು. ಅದು ತಗೊಂಡ್ರೆ ಇಷ್ಟೆಲ್ಲ ಯಾಕೆ?

ಮಾನ್ವಿ ಮೇಷ್ಟ್ರು

ಹಸಿವನ್ನೇ ತಗ್ಗಿಸುತ್ತೆ, ಕೆಲಸ ಮಾಡುತ್ತೆ, ಅದರಲ್ಲಿ ಅನುಮಾನ ಬೇಡ. ನಿಲ್ಲಿಸಿದರೆ ಹಸಿವು ವಾಪಸ್. ಇಂಥ ಒಂದು ಇಂಜೆಕ್ಷನ್ನಾದ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಗಮನಿಸಿ 2022ರಲ್ಲಿ ಪ್ರಕಟವಾದ ವರದಿಯಲ್ಲಿ, ಒಂದು ವರ್ಷದೊಳಗೆ ಇಳಿದಿದ್ದರ ಮೂರನೇ ಎರಡು ಭಾಗ ಮರಳಿತ್ತು. ವೈದ್ಯರು ಬರೆದುಕೊಟ್ಟಿದ್ದರೆ ತೆಗೆದುಕೊಳ್ಳಿ, ಹಸಿವು ಕಡಿಮೆ ಇರುವ ಆ ತಿಂಗಳುಗಳಲ್ಲೇ ಎಣ್ಣೆ ಪ್ಯಾಕೆಟ್ಟಿನ ಮೇಲೆ ತಾರೀಖು ಬರೆಯುವುದನ್ನು ಕಲಿಯಿರಿ.

ಖಡಕ್ ರೊಟ್ಟಿ (ಕೊಪ್ಪಳ)

ಹಬ್ಬದ ಮಾತು ಬಿಟ್ಟೇ ಹೋತು. ಗವಿಮಠದ ಜಾತ್ರ್ಯಾಗ ದಾಸೋಹದ ರೊಟ್ಟಿ, ಮಾದಲಿ, ಮಿರ್ಚಿ ಉಂಡ್ರ ಯಾರಿಗೂ ತೂಕ ಏರಂಗಿಲ್ಲ, ಅದು ಒಂದು ದಿನದ್ದು, ಮ್ಯಾಲ ಮೈಲುಗಟ್ಟಲೆ ನಡದಿರ್ತೀವಿ. ಏರಸೋದು ಪಂಚಮಿ ಉಂಡಿ. ಶೇಂಗಾ ಉಂಡಿ 40 ಗ್ರಾಂದು ಒಂದು 190 ಕ್ಯಾಲೊರಿ ದಾಟ್ತದ. ಹಬ್ಬ ಎರಡು ದಿನಕ್ಕ ಮುಗೀತದ, ಉಂಡಿ ಡಬ್ಬಿ ತಿಂಗಳು ಮುಗಿಯಂಗಿಲ್ಲ. ಹೋಗಿ ಬರುವಾಗ ಒಂದೊಂದು ತಿಂದ್ರ ದಿನಕ್ಕ ಮೂರು ಸಲೀಸು. ಉಂಡಿ 20 ಗ್ರಾಂಗೆ ಕಟ್ರಿ, ಊಟದ ಕೊನಿಗೆ ಒಂದು ಅಂತ ಮಾಡ್ರಿ, ಉಳಿದದ್ದು ಮ್ಯಾಲಿನ ನಿಲುವಿಗೆ ಏರಿಸ್ರಿ. ಬೀಗರ ಮನಿಗೆ, ಓಣಿಗೆ ಮೊದಲ ವಾರದಾಗ ಹಂಚಿಬಿಡೋದು ಇನ್ನೂ ಛಲೋ.

ಉಪವಾಸದ ದಿನ ಸಾಬೂದಾಣಿ: 50 ಗ್ರಾಂ ಸಾಬೂದಾಣಿ 175, ಶೇಂಗಾ 30 ಗ್ರಾಂ 165, ಎಣ್ಣಿ ಎರಡು ಚಾ ಚಮಚ 80. ಒಟ್ಟು 420. ಉಪವಾಸ ಅಂತ ಎರಡು ಪ್ಲೇಟು ತಿಂದ್ರ ಊಟ ಮಾಡೋದೇ ಕಡಿಮಿ ಇತ್ತು.

ಗಿರಣಿ ಲೆಕ್ಕ (ಗಂಗಾವತಿ)

ಇಷ್ಟೆಲ್ಲ ಮಾಡಿದ್ರೂ ಏರಿದ್ರ? ಯಾವಾಗ ಎಚ್ಚರ ಆಗಬೇಕು?

ಮಾನ್ವಿ ಮೇಷ್ಟ್ರು

ನಿಂತ ಸರಾಸರಿಗಿಂತ ಎರಡು ಕಿಲೋ ಮೇಲೆ, ಅದೂ ಎರಡು ವಾರ ಸತತ. ಆ ಗೆರೆಯನ್ನು ಕ್ಯಾಲೆಂಡರಿನ ಪ್ರತಿ ಪುಟದಲ್ಲಿ ಕೆಂಪು ಅಂಕಿಯಲ್ಲಿ ಬರೆದಿಡಿ. ಎರಡು ಕಿಲೋ ಇಳಿಸುವುದು ಕಷ್ಟ ಅಲ್ಲ, ಎಂಟು ಆದಮೇಲೆ ಶುರು ಮಾಡುವುದು ಕಷ್ಟ.

ದಾಟಿದರೆ ಹೊಸ ಪಥ್ಯ ಬೇಡ. ರಾತ್ರಿಯ ಒಂದು ರೊಟ್ಟಿ ತೆಗೆದು ಅದರ ಜಾಗಕ್ಕೆ ಪುಂಡಿಪಲ್ಯವೋ ಪಚಡಿಯೋ ಒಂದು ಬಟ್ಟಲು: 150 ಕ್ಯಾಲೊರಿಗೆ ಹತ್ತಿರ. ಎರಡು ಚಹಾದ ಸಕ್ಕರೆ: 80. ಎಣ್ಣೆ ಪ್ಯಾಕೆಟ್ ಹನ್ನೊಂದರ ಬದಲು ಹದಿನಾಲ್ಕು ದಿನ: 40. ನಡಿಗೆ ದಿನಕ್ಕೆ 20 ನಿಮಿಷ ಹೆಚ್ಚು: 70. ಒಟ್ಟು 340. ಈ ವೇಗದಲ್ಲಿ ಎರಡು ಕಿಲೋಗೆ ಆರೇಳು ವಾರ ಹಿಡಿಯುತ್ತೆ, ಹತ್ತು ದಿನಕ್ಕೆ ಇಳಿಯಲಿಲ್ಲ ಅಂತ ಊಟ ಬಿಡಬೇಡಿ. ಬೆಳಿಗ್ಗೆಯ ನಾಷ್ಟಾ ಬಿಡಬೇಕೋ ಮಾಡಬೇಕೋ ಅನ್ನೋ ವಾದಕ್ಕೆ ನಾನು ಇಳಿಯಲ್ಲ. ಬಿಟ್ಟು ಮಧ್ಯಾಹ್ನ ಹದದಲ್ಲಿ ಉಣ್ಣುವವರು ಬಿಡಲಿ, ಬಿಟ್ಟರೆ ಹನ್ನೊಂದಕ್ಕೆ ಬಜ್ಜಿ ಹುಡುಕುವವರು ಮಾಡಲಿ.

ಹೊಲಿಗೆ ಮಷಿನ್ (ಬಳ್ಳಾರಿ)

ಎಣ್ಣೆ ಲೆಕ್ಕ ಒಂದು ಸಲ ಹೇಳಿಬಿಡ್ರಿ ಅಣ್ಣ. ದೊಡ್ಡೋರು ನಾಕು, ಸಣ್ಣ ಮಕ್ಕಳು ಎರಡು ಇರೋ ಮನೆಗೆ ಲೀಟರ್ ಎಷ್ಟು ದಿನ ಬರಬೇಕು?

ಕೋಟೆ ಕೆಳಗಿನವರು (ಬಳ್ಳಾರಿ)

ಮಕ್ಕಳಿಗೆ ಎಣ್ಣೆ, ತುಪ್ಪ ಕಡಿತ ಬ್ಯಾಡ. ಆರು ಮಂದಿಗೂ ಇಪ್ಪತ್ತರಂತೆ 120 ಗ್ರಾಂ ಹಿಡೀರಿ, ಏಳೂವರೆ ದಿನ. ಮಕ್ಕಳ ತುಪ್ಪ ಅವರ ತಟ್ಟೆಗೇ ಬೇರೆ ಹಾಕ್ರಿ, ಈ ಲೆಕ್ಕಕ್ಕೆ ಸೇರಿಸಬ್ಯಾಡ್ರಿ. ಆರು ದಿನಕ್ಕೆ ಖಾಲಿ ಆದ್ರೆ ಮೊದಲು ಒಗ್ಗರಣೆ ಚಮಚ ನೋಡ್ರಿ, ಆಮೇಲೆ ಆ ವಾರ ಎಷ್ಟು ಸಲ ಕರಿದಿದ್ರಿ ಅಂತ ಎಣಿಸ್ರಿ.